ನನ್ನ ಸ್ವರದ ತಪ್ಪು ವಾಕ್ಯಗಳು

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ ಮರುವರ್ಷದ ಮಾತು. ದರ್ಬೆಯ ಮನೆಯಲ್ಲಿ ಪೇಪರ್ ಓದಿಕೊಂಡಿದ್ದವನನ್ನು ಪುತ್ತೂರು ಸಮೀಪದ ಶಾಲೆಯೊಂದರ ಸಂಚಾಲಕರು ಕರೆಸಿಕೊಂಡರು. ಇಂಗ್ಲಿಷ್ ಶಿಕ್ಷಕಿಯ ಹುದ್ದೆ ಒಂದೇ ಒಂದು. ಅಭ್ಯರ್ಥಿಗಳ ಭಾಷೆಯನ್ನು ನಾನು ಪರೀಕ್ಷಿಸಬೇಕಿತ್ತು.

ವ್ಯಾಕರಣದ ತಿಳಿವಳಿಕೆಯಲ್ಲಿ ಎರಡು ಬಗೆ. ನಿಯಮ ನೆನೆದು, ಯೋಚಿಸಿ ಬಳಸುವುದು ಎಕ್ಸ್‌ಪ್ಲಿಸಿಟ್. ಯೋಚಿಸದೆಯೇ ನಾಲಗೆಗೆ ಬರುವುದು ಇಂಪ್ಲಿಸಿಟ್. ಮೊದಲನೆಯದನ್ನು ಅಳೆಯಲು ನಿಧಾನವಾಗಿ ಬರೆಯುವ ಪರೀಕ್ಷೆ ಸಾಕು. ಎರಡನೆಯದಕ್ಕೆ ಧ್ವನಿಮುದ್ರಿಸಿದ ವಾಕ್ಯ ಕೇಳಿಸಿ, ಆ ಮಾತು ನಿಜವೋ ಸುಳ್ಳೋ ಎಂದು ಕೇಳಿ, ಕೂಡಲೇ ವಾಕ್ಯವನ್ನು ಮತ್ತೆ ಹೇಳಿಸುತ್ತೇವೆ. ನಡುವೆ ಕೆಲವು ತಪ್ಪು ವಾಕ್ಯಗಳಿರುತ್ತವೆ. ಭಾಷೆ ಮೈಗೂಡಿದವರ ಬಾಯಲ್ಲಿ ಅವು ತಾವಾಗಿಯೇ ಸರಿಯಾಗಿ ಹೊರಡುತ್ತವೆ.

ಕೊನೆಗೆ ಬಂದವಳು ಚೈತ್ರಾ. ಸುಳ್ಯ ಕಡೆಯವಳು, ಮನೆಮಾತು ಅರೆಭಾಷೆ. ಕಡಬದ ತಾತ್ಕಾಲಿಕ ಕೆಲಸ ಬಿಟ್ಟು ಈ ಹುದ್ದೆಯನ್ನೇ ನಂಬಿ ಬಂದಿದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ಅದನ್ನು ಸಂಚಾಲಕರಿಗೆ ಮೊದಲೇ ಹೇಳಿದ್ದೆ.

ಬರಹದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಆದರೆ ನಾನು ಓದಿ ಮುದ್ರಿಸಿಟ್ಟಿದ್ದ ವಾಕ್ಯಗಳು ಶುರುವಾದಾಗ ‘ಮೈ ಫಾದರ್ ಗೋ ಟು ಮಾರ್ಕೆಟ್ ಎವ್ರಿ ವೀಕ್’ ಎಂಬುದನ್ನು ‘ಗೋಸ್’ ಎಂದು ತಿದ್ದದೆ ಇದ್ದ ಹಾಗೆಯೇ ಒಪ್ಪಿಸಿದಳು. ಮುಂದಿನ ತಪ್ಪುಗಳ ಗತಿಯೂ ಅದೇ.

ಸಂಚಾಲಕರು ಪೆನ್ನು ಮುಚ್ಚಿದರು. “ಎಂತ ಮಾಷ್ಟ್ರೇ, ಇದು ಬರೀ ಬಾಯಿಪಾಠ. ಮಕ್ಕಳ ಎದುರು ಮಾತಾಡುದು ಹೇಗೆ ಇವಳು?”

ಆದರೆ ತಪ್ಪು ವಾಕ್ಯ ಬಂದಾಗಲೆಲ್ಲ ಅವಳು ಹೇಳುವ ಮೊದಲು ಒಂದು ಗಳಿಗೆ ತಡವರಿಸಿದ್ದನ್ನು ನಾನು ಗಮನಿಸಿದ್ದೆ. ಸರಿಯಾದ ವಾಕ್ಯಗಳಿಗೆ ಆ ತಡೆ ಇರಲಿಲ್ಲ. ಗೊತ್ತಿಲ್ಲದವಳು ಅಲ್ಲೇ ಯಾಕೆ ತಡವರಿಸಬೇಕು? ಇನ್ನೊಮ್ಮೆ ನೋಡುವ ಎಂದೆ.

“ಶಿಷ್ಯೆ ಅಂತ ಇನ್ನೊಂದು ಚಾನ್ಸಾ?” ಎಂದರು ಸಂಚಾಲಕರು.

ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಉಳಿಸಿಕೊಂಡ ಹೆಸರು ಆ ಒಂದು ಮಾತಿಗೆ ಹೋಗುವುದರಲ್ಲಿತ್ತು. ಆದರೂ ಅವರ ಎದುರೇ ಕೇಳಿದೆ, “ಎಂತಾಯ್ತು ಚೈತ್ರಾ?”

ಅವಳು ತಲೆ ಎತ್ತಲಿಲ್ಲ. “ಅದು ನಿಮ್ಮ ಸ್ವರ ಅಲ್ವಾ ಸರ್. ನೀವು ಹೇಳಿದ್ದನ್ನು ನಾನು ತಿದ್ದುದು ಹೇಗೆ? ನಾಲಗೆ ತಿದ್ದಲಿಕ್ಕೆ ಹೋಗ್ತಿತ್ತು, ನಾನೇ ಹಿಡ್ಕೊಂಡೆ.”

ಕೂಡಲೇ ಹೊಸ ವಾಕ್ಯಗಳನ್ನು ಬರೆದು, ಅವಳದೇ ಪ್ರಾಯದ ಕಚೇರಿ ಗುಮಾಸ್ತೆಯ ಕೈಗೆ ಕೊಟ್ಟು ಓದಲು ಹೇಳಿದೆ. ಯೋಚಿಸಲು ಬಿಡುವೇ ಇಲ್ಲದಂತೆ ಒಂದರ ಹಿಂದೊಂದು. ಮೊದಲ ತಪ್ಪು ವಾಕ್ಯ ಬಂತು. ಚೈತ್ರಾಳ ಬಾಯಲ್ಲಿ ಅದು ಸರಾಗವಾಗಿ, ಸರಿಯಾಗಿ ಹೊರಟಿತು. ಎರಡನೆಯದೂ ಹಾಗೆಯೇ.

ಗುಮಾಸ್ತೆ ಕಾಗದ ನೋಡಿ ಗಾಬರಿಯಾದಳು. “ಇದ್ರಲ್ಲಿ ಹಾಗೆ ಇಲ್ಲ ಸರ್!”

“ಇದ್ದ ಹಾಗೇ ಓದಿ ಮಾರಾಯ್ರೆ,” ಎಂದ ಸಂಚಾಲಕರು ಮುಚ್ಚಿದ್ದ ಪೆನ್ನನ್ನು ತೆರೆದರು. ಕೆಲಸ ಚೈತ್ರಾಳಿಗಾಯಿತು.

ಪರೀಕ್ಷೆಯ ವಿಧಾನವನ್ನು ನಾನು ಚೆನ್ನಾಗಿಯೇ ಕಲಿತಿದ್ದೆ. ಆದರೆ ನಮ್ಮ ಊರಿನವರು ಪಾಠ ಹೇಳಿದವರ ಮಾತನ್ನು ತಿದ್ದುವುದಿಲ್ಲ ಎಂಬುದು ಆ ವಿಧಾನದಲ್ಲಿ ಎಲ್ಲೂ ಇರಲಿಲ್ಲ. ನನ್ನ ಮೇಲಿನ ಗೌರವಕ್ಕೆ ಒಬ್ಬಳು ತನ್ನ ಅನ್ನವನ್ನೇ ಕಳೆದುಕೊಳ್ಳುವುದರಲ್ಲಿದ್ದಳು; ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಅಂದಿನಿಂದ ಯಾರಿಗಾದರೂ ಸೊನ್ನೆ ಬಂತೆಂದರೆ ನಾನು ಮೊದಲು ಕೇಳುವುದು, ಅವರಿಗೆ ಕೇಳಿಸಿದ ಸ್ವರ ಯಾರದು ಎಂದು.