ಗಂಗವ್ವನಿಗೆ ಕಾವಲು

ಮುಂಡಗೋಡಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು, 2006 ಇರಬೇಕು. ಬಸ್ ಸ್ಟ್ಯಾಂಡ್ ಹಿಂದಿನ ಒಂದು ಸಣ್ಣ ಸೆಂಟರಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಕ್ಲಾಸಿನಲ್ಲಿ ಬಹಳ ಬಿಗಿ, ನಗುವುದೂ ಕಡಿಮೆ. ಆದರೆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ನಾನು ಟೀಚರ್ ಅಲ್ಲ, ಬಿಲ್ಲುಗಾರ್ತಿ!

ಆ ಕಂಪ್ಯೂಟರ್ ಆಟದ ಹುಚ್ಚು ಹಿಡಿದದ್ದು ಕಾಲೇಜಿನಲ್ಲಿ. ಮೂರು ಭಾಗಗಳ ಆಟ, ಸಿಡಿಯಲ್ಲಿ ಬರುತ್ತಿತ್ತು. ಕಾಡು, ಕೋಟೆ, ಮಂತ್ರವಾದಿ, ಕೊನೆಯಲ್ಲಿ ಗವಿಯೊಳಗೆ ಬೆಂಕಿ ಉಗುಳುವ ಸರ್ಪ. ಒಬ್ಬರೇ ಆಡುವಂಥದ್ದು. ಶುರುವಿನಲ್ಲೇ ಹಳ್ಳಿಯ ಮುದುಕನೊಬ್ಬ, "ಈ ನಾಡಿಗೆ ನೀನೊಬ್ಬಳೇ ದಿಕ್ಕು" ಎನ್ನುತ್ತಿದ್ದ. ನಾನದನ್ನು ಪೂರ್ತಿ ನಂಬಿದ್ದೆ. ಆಡುವಾಗ ಕರೆಂಟ್ ಹೋದರೂ ಚಿಂತೆಯಿರಲಿಲ್ಲ, ಉಳಿಸಿಟ್ಟ ಜಾಗದಿಂದ ಮತ್ತೆ ಆಡಿದರಾಯಿತು. ನಾನು ಬರುವ ತನಕ ಸರ್ಪವೂ ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತು.

ನನ್ನ ಬಿಲ್ಲುಗಾರ್ತಿಗೆ ಗಂಗವ್ವ ಎಂದು ಹೆಸರಿಟ್ಟಿದ್ದೆ. ಅದು ನಮ್ಮಜ್ಜಿಯ ಹೆಸರು. ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಒಬ್ಬಳೇ ಕವಣೆ ಬೀಸಿ ಓಡಿಸುತ್ತಿದ್ದ ಹೆಂಗಸು ಅವಳು. ಆಕೆಯ ಮೊಮ್ಮಗಳು ನಾನು, ನನಗೂ ಯಾರ ಹಂಗೂ ಬೇಕಿರಲಿಲ್ಲ.

ಆ ವರ್ಷ ಆಟದ ಕಂಪನಿಯವರು ಅದೇ ನಾಡನ್ನು ಇಂಟರ್ನೆಟ್ಟಿಗೆ ತಂದರು. ಇನ್ನು ಲೋಕದ ಜನರೆಲ್ಲ ಒಟ್ಟಿಗೆ ಆಡುವುದು. ಸೆಂಟರಿನ ಮಾಲೀಕರಾದ ಶಿವಲಿಂಗಣ್ಣ ದೊಡ್ಡ ಮನಸ್ಸು ಮಾಡಿ, "ಊಟದ ಹೊತ್ತಿನ್ಯಾಗ ಆಡ್ಕೋವಾ. ಕ್ಲಾಸ್ ಶುರು ಆದ ಮ್ಯಾಲೆ ಮಾತ್ರ ಬ್ಯಾಡ" ಎಂದರು.

ಒಳಗೆ ಹೋಗಿ ನೋಡಿದರೆ ಆ ಮುದುಕನ ಮುಂದೆ ರೇಷನ್ ಅಂಗಡಿಯ ಹಾಗೆ ಜನ! ಬಂದ ಪ್ರತಿಯೊಬ್ಬರಿಗೂ ಅವನದು ಒಂದೇ ಮಾತು, ನೀನೊಬ್ಬನೇ ದಿಕ್ಕು, ನೀನೊಬ್ಬಳೇ ದಿಕ್ಕು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನಾನು ಒಬ್ಬಳೇ ಉಳಿಸಿಕೊಂಡು ಬಂದ ನಾಡು, ಆಗ ಇವರೆಲ್ಲ ಎಲ್ಲಿದ್ದರು?

ಡೋಲ್ಮಾ ನನ್ನ ವಿದ್ಯಾರ್ಥಿನಿ, ಊರ ಹೊರಗೆ ಕ್ಯಾಂಪ್ ಎನ್ನುವ ಟಿಬೆಟನ್ ಕಾಲೊನಿಯವಳು. ಚಳಿಗಾಲದಲ್ಲಿ ತಾಯಿಯ ಜೊತೆ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಿ ಬರುವ ಹುಡುಗಿ, ಕನ್ನಡ ನಮ್ಮಷ್ಟೇ ಸಲೀಸು. ನನ್ನ ಬೆನ್ನ ಹಿಂದೆ ನಿಂತು ನೋಡಿ ನೋಡಿ ಅವಳೂ ಆಟಕ್ಕೆ ಸೇರಿದಳು. ಬಿಲ್ಲು ಬೇಡ, ಕತ್ತಿ ಬೇಡ, ನೀಲಿ ನಿಲುವಂಗಿ ತೊಟ್ಟು, ಮಂತ್ರದ ಕೋಲು ಹಿಡಿದು, ಗಾಯಕ್ಕೆ ಮದ್ದು ಹಾಕುವ ವೈದ್ಯೆಯಾದಳು.

"ಟೀಚರ್, ಜೋಡಿಲೆ ಹೋಗೂಣು ಬರ್ರಿ" ಎಂದಳು ಒಂದು ದಿನ.

"ಬ್ಯಾಡವಾ, ನನಗ ಒಬ್ಬಾಕಿನ ಆಡೂ ರೂಢಿ ಐತಿ" ಎಂದೆ. ಅವಳು ನಕ್ಕಳು.

ಒಂದು ಮಧ್ಯಾಹ್ನ ಗಂಗವ್ವನನ್ನು ತೋಳಗಳ ಕಣಿವೆ ದಾಟಿಸುತ್ತಿದ್ದೆ. ಈ ಹೊಸ ಆಟದಲ್ಲಿ ಒಂದು ಪೀಕಲಾಟವಿತ್ತು. ಆಟ ಬಿಡುವ ಮುಂಚೆ ಛತ್ರದಲ್ಲಿ ಹೋಗಿ ಮಲಗಬೇಕು. ಇಲ್ಲದಿದ್ದರೆ ನಾವು ಎದ್ದು ಹೋದರೂ ನಮ್ಮ ಪಾತ್ರ ಅಲ್ಲೇ ಮಂಕು ಬಡಿದಂತೆ ನಿಂತಿರುತ್ತದೆ. ಸತ್ತರೆ ಮೈಮೇಲಿದ್ದದ್ದೆಲ್ಲ ಹೋಗಿ, ಹಳ್ಳಿಯಿಂದ ಬರಿಗೈಯಲ್ಲಿ ಶುರು. ನಾನೋ ತಿಂಗಳುಗಟ್ಟಲೆ ಆಡಿ ಆ ಬಿಲ್ಲು ಗಳಿಸಿದ್ದೆ. ತೋಳಗಳು ಇನ್ನೂ ನನ್ನ ವಾಸನೆ ಹಿಡಿದಿರಲಿಲ್ಲ, ಸರ್ಪದ ಗವಿ ಕಣ್ಣಿಗೆ ಬಿತ್ತು. ಕರೆಂಟ್ ಹೋಯಿತು. ಯುಪಿಎಸ್ ಒಮ್ಮೆ ಕೀಂಯ್ ಎಂದು ಅದೂ ಸುಮ್ಮನಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಲೋಡ್ ಶೆಡ್ಡಿಂಗವಾ. ಮೂರಕ್ಕ ಬರ್ತೈತಿ" ಎಂದರು ಶಿವಲಿಂಗಣ್ಣ.

"ಅಣ್ಣಾ, ಅಲ್ಲಿ ತೋಳ ಅದಾವು!"

"ಎಲ್ಲಿ?" ಎಂದು ಅವರು ಗಾಬರಿಯಿಂದ ಬಾಗಿಲ ಕಡೆ ನೋಡಿದರು.

ಡೋಲ್ಮಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಹೊರಗೆ ಅವಳ ಮೊಪೆಡ್ ಶುರುವಾದ ಸದ್ದು ಕೇಳಿಸಿತು. ಕರೆಂಟ್ ಇಲ್ಲ, ಕ್ಲಾಸ್ ಇಲ್ಲ, ಮನೆಗೆ ಹೋದಳು ಅಂದುಕೊಂಡೆ. ನಾನು ಕತ್ತಲಾದ ಪರದೆಯ ಮುಂದೆ ಮೂರು ಗಂಟೆಯವರೆಗೂ ಕೂತೇ ಇದ್ದೆ. ನಗಬೇಡಿ, ಅಜ್ಜಿಯನ್ನೇ ಕಾಡಿನಲ್ಲಿ ಬಿಟ್ಟು ಬಂದ ಹಾಗಿತ್ತು.

ಕರೆಂಟ್ ಬಂತು. ಹಳ್ಳಿಯ ಮುದುಕನ ಮುಖವೇ ಕಾಣುತ್ತದೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಆಟ ತೆರೆದೆ. ಕಂಡದ್ದು ಅದೇ ಕಣಿವೆ. ಗಂಗವ್ವ ಬೆನ್ನಿಗೆ ಬಿಲ್ಲು ಹಾಕಿಕೊಂಡು ನಿಂತೇ ಇದ್ದಾಳೆ! ಸುತ್ತ ಸತ್ತ ತೋಳಗಳು. ಎರಡೂ ಬದಿಗೆ ಈಟಿ ಹಿಡಿದ ಇಬ್ಬರು ಅಪರಿಚಿತರು. ಮುಂದೆ ಡೋಲ್ಮಾಳ ವೈದ್ಯೆ. ಅವಳ ಕೈಯಲ್ಲಿ ಕೋಲಿಲ್ಲ, ಮೈಮೇಲೆ ಆ ನೀಲಿ ನಿಲುವಂಗಿಯಿಲ್ಲ.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮೂಡಿತು. "ಟೀಚರ್, ಬಂದ್ರಿ?"

"ನೀ ಎಲ್ಲಿದ್ದೀ?"

"ಕ್ಯಾಂಪಿನ ಇಂಟರ್ನೆಟ್ ಅಂಗಡ್ಯಾಗ ರೀ. ನಮ್ಮ ಕಡೆ ಕರೆಂಟ್ ಸಂಜೀಕ ಹೋಗ್ತೈತಿ."

ಊರಿನ ಲೈನು ಬೇರೆ, ಕಾಲೊನಿಯ ಲೈನು ಬೇರೆ. ಇದು ಮುಂಡಗೋಡದಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ಹೊಳೆದದ್ದು ಅವಳಿಗೆ.

"ನಿನ್ನ ಕೋಲು ಎಲ್ಲೈತಿ?"

"ಹೋತ್ರಿ. ತೋಳಾನ್ನ ನನ್ನ ಬೆನ್ನ ಹಿಂದ ದೂರ ಎಳಕೊಂಡು ಹೋಗಿ ಸತ್ತಿದ್ದೆ. ಮತ್ತ ಹಳ್ಳಿಯಿಂದ ಓಡಿ ಬಂದೆ. ಇವರು ಆಮ್ಯಾಲೆ ಸಿಕ್ಕರು. ನಮ್ಮ ಟೀಚರ್ ಊರಾಗ ಕರೆಂಟ್ ಹೋಗೇತಿ ಅಂದೆ, ನಿಂತರು."

ಈಟಿಯವರಲ್ಲೊಬ್ಬ ಇಂಗ್ಲಿಷಿನಲ್ಲಿ ಕೇಳಿದ, "ಇಡೀ ಊರಿಗೇ ಹೋಗುತ್ತದಾ? ದಿನಾಲೂ?" ಹೌದು, ದಿನಾಲೂ ಎಂದು ಬರೆದೆ. ಅವನು ಗಂಗವ್ವನ ಮುಂದೆ ಈಟಿ ಬಗ್ಗಿಸಿ ನಮಸ್ಕಾರ ಮಾಡಿ ತನ್ನ ದಾರಿ ಹಿಡಿದ.

ಮೂರರ ಕ್ಲಾಸಿನ ಹುಡುಗಿಯರು ಆಗಲೇ ಬಂದು ಕೂತಿದ್ದರು. ಅವರ ಎದುರೇ ಕಣ್ಣೀರು ಬಂತು. ಶಿವಲಿಂಗಣ್ಣ ಮೆಲ್ಲಗೆ ಕೇಳಿದರು, "ತೋಳ ಹ್ವಾದುವೇನವಾ?"

"ಹ್ವಾದುವು ಅಣ್ಣಾ."

ಮರುದಿನ ಡೋಲ್ಮಾಳನ್ನು ಪಕ್ಕದ ಕಂಪ್ಯೂಟರಿನಲ್ಲಿ ಕೂರಿಸಿಕೊಂಡೆ. ಗಂಗವ್ವನನ್ನೂ ಹಳ್ಳಿಗೆ ಕರೆತಂದು, ಇಬ್ಬರೂ ಮೊದಲಿಂದ ಹೊರಡೋಣ ಎಂದು ಮುದುಕನ ಮುಂದೆ ಸಾಲಿನಲ್ಲಿ ನಿಂತೆವು. ನೀನೊಬ್ಬಳೇ ದಿಕ್ಕು ಎಂದು ಅವನು ನನಗೆ ಹೇಳಿದ, ಅವಳಿಗೂ ಹೇಳಿದ.

"ಟೀಚರ್, ಈ ಮುದುಕ ಸುಳ್ಳು ಹೇಳ್ತಾನ್ರಿ" ಎಂದಳು ಡೋಲ್ಮಾ.

"ಮೊದಲಿಂದನೂ ಹೇಳಕೋತ ಬಂದಾನವಾ, ನಾನ ನಂಬಿದ್ದೆ" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸರ್ಪವನ್ನು ಆಮೇಲೆ ನಾವಿಬ್ಬರೂ ಸೇರಿಯೇ ಕೊಂದೆವು. ಅದು ಹೇಗೆ ಸತ್ತಿತೋ ಈಗ ಸರಿಯಾಗಿ ನೆನಪಿಲ್ಲ. ಆದರೆ ಮನೆಯಲ್ಲಿ ಕರೆಂಟ್ ಹೋದಾಗಲೆಲ್ಲ, ನಾನಿಲ್ಲದ ಆ ಕಣಿವೆಯಲ್ಲಿ ನಮ್ಮಜ್ಜಿಯ ಹೆಸರಿನವಳ ಮುಂದೆ ಬರಿಗೈಯಲ್ಲಿ ನಿಂತ ಡೋಲ್ಮಾ ಕಣ್ಣಿಗೆ ಬರುತ್ತಾಳೆ.