ಮಾಳವ್ವನ ಹಾಳೆಯಲ್ಲಿ ನಾನು ಬರೆದ ಷರಾ

ಅವತ್ತು ಡಬ್ಬಿಯಲ್ಲಿದ್ದ ಲಸಿಕೆ ಕೆಟ್ಟಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಒಂದು ಊರಿನ ಕುರಿಗಳಿಗೆ ಹಾಕಿಸಿದೆ. ಹಾಕುವುದಿಲ್ಲ ಎಂದು ಸೂಜಿ ಕೆಳಗಿಟ್ಟ ಒಬ್ಬಳೇ ಒಬ್ಬ ಹೆಣ್ಣುಮಗಳನ್ನು ಪರೀಕ್ಷೆಯಲ್ಲಿ ಫೇಲ್ ಮಾಡಿದೆ. ಅವಳ ಹೆಸರು ಮಾಳವ್ವ. ಇಷ್ಟು ಬರೆಯಲು ನನಗೆ ಏಳು ವರ್ಷ ಬೇಕಾಯಿತು.

ಈಗಲೂ ಒಳ್ಳೆಯ ಬುದ್ಧಿ ಬಂದು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟಿನಿಂದ ಬರೆಯುತ್ತಿದ್ದೇನೆ. ಮೂರು ತಿಂಗಳ ಹಿಂದೆ ಬಾಗಲಕೋಟೆಯಲ್ಲಿ ಹೊಸ ಮೌಲ್ಯಮಾಪಕರಿಗೆ ಎರಡು ದಿನದ ತರಬೇತಿ ಇತ್ತು. ನನ್ನನ್ನು ಹಿರಿಯರೆಂದು ಕರೆದು, ಶಾಲು ಹೊದಿಸಿ, ಕಲಿತವರ ಸಾಮರ್ಥ್ಯವನ್ನು ನ್ಯಾಯವಾಗಿ ಅಳೆಯುವುದು ಹೇಗೆ ಎಂಬ ವಿಷಯ ಕೊಟ್ಟರು. ಒಂದೂವರೆ ತಾಸು ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ನೀವು ಯಾವತ್ತರ ತಪ್ಪು ಮಾರ್ಕ್ಸ್ ಕೊಟ್ಟೀರೇನ್ರಿ?"

"ಮನುಷ್ಯಾ ಅಂದಮ್ಯಾಲೆ ಅರ್ಧ ಮಾರ್ಕು ಹೆಚ್ಚುಕಡಿಮಿ ಆಗತೈತವಾ" ಎಂದೆ. ಸಭೆ ನಕ್ಕಿತು, ನಾನೂ ನಕ್ಕೆ. ಅರ್ಧ ಮಾರ್ಕು! ಮನೆಗೆ ಬಂದು ಊಟಕ್ಕೆ ಕುಳಿತವನು ತಟ್ಟೆ ಸರಿಸಿ ಎದ್ದೆ. ಹೆಂಡತಿ ಏನಾಯಿತೆಂದು ಕೇಳಿದಳು. ಅವಳಿಗೂ ಈವರೆಗೆ ಹೇಳಿಲ್ಲ.

ನಾನು ದನಕರು, ಕುರಿ ಮೇಕೆಗಳ ಚಿಕಿತ್ಸೆಯ ಕೆಲಸದಲ್ಲಿ ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳನ್ನು ಸುತ್ತಿ ನಿವೃತ್ತನಾದವನು. ಆಮೇಲೆ ಒಂದು ಖಾಸಗಿ ಸಂಸ್ಥೆಯವರು ಕರೆದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಕುರಿಗಳ ಆರೋಗ್ಯ ನೋಡಿಕೊಳ್ಳುವುದನ್ನು ಕಲಿಸಬೇಕು. ಮೊದಲು ತರಗತಿ, ಆಮೇಲೆ ಎರಡು ತಿಂಗಳು ನನ್ನ ಜೊತೆ ಹಟ್ಟಿಯಿಂದ ಹಟ್ಟಿಗೆ ತಿರುಗಿ ಕೈಯಾರೆ ಕೆಲಸ, ಕೊನೆಗೊಂದು ಪರೀಕ್ಷೆ. ಪಾಸಾದವರಿಗೆ ಗುರುತಿನ ಚೀಟಿ, ಔಷಧದ ಚೀಲ. ಅಲ್ಲಿಂದ ಮುಂದೆ ಅವರ ಊರಿನ ಕುರಿಗಳಿಗೆ ಅವರದೇ ಕೈ. ಕಲಿಸುವವನೂ ನಾನೇ, ಅಳೆಯುವವನೂ ನಾನೇ. ಇದು ಸರಿಯಲ್ಲ ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ನನಗಂತೂ ಅದು ಭಾರಿ ಗೌರವ ಎನ್ನಿಸಿತ್ತು.

ಕುಳಗೇರಿ ಕ್ರಾಸಿನಿಂದ ಒಳಗೆ ಹೋಗುವ ಒಂದು ಊರಿನಲ್ಲಿ ಐವರು ಹೆಣ್ಣುಮಕ್ಕಳು ಸೇರಿದ್ದರು. ಅವರಲ್ಲಿ ಮಾಳವ್ವ ಓದಿದ್ದು ನಾಲ್ಕನೆಯ ತರಗತಿ. ಬರೆಯುವುದು ಬಲು ನಿಧಾನ. ಒಂದು ಸಾಲು ಬರೆಯುವಷ್ಟರಲ್ಲಿ ಉಳಿದವರು ಪುಟ ತಿರುಗಿಸುತ್ತಿದ್ದರು. ಆದರೆ ಕುರಿಯ ಕಿವಿ ಹಿಡಿದು ಜ್ವರ ಇದೆಯೋ ಇಲ್ಲವೋ ಹೇಳುತ್ತಿದ್ದಳು. ಥರ್ಮಾಮೀಟರ್ ಇಟ್ಟು ನೋಡಿದರೂ ಅದೇ ಇರುತ್ತಿತ್ತು. ಈಯುವಾಗ ಮರಿ ಅಡ್ಡ ಸಿಕ್ಕಿಕೊಂಡರೆ ಊರಿನವರು ಮೊದಲು ಕೂಗುತ್ತಿದ್ದುದೇ ಅವಳನ್ನು. ಇಂಥವಳಿಗೆ ನಾನೇನು ಕಲಿಸುವುದು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು, ನಿಜ. ಆದರೂ ಅವಳಿಗೆ ಗೊತ್ತಿಲ್ಲದ ಒಂದನ್ನು ನಾನು ಕಲಿಸಿದೆ.

ಹಿಂಡಿಗೆ ಹಿಂಡನ್ನೇ ಕೊಲ್ಲುವ ಹಿರೇಬೇನೆಯ ಲಸಿಕೆ ತಣ್ಣಗಿದ್ದರೆ ಮಾತ್ರ ಔಷಧ. ಬಿಸಿಲು ಕಂಡರೆ ಬರೀ ನೀರು. ಈ ಒಂದು ಪಾಠವನ್ನು ನಾನು ಹಟ ಹಿಡಿದು ಕಲಿಸಿದೆ. "ಡಬ್ಬಿ ತಗದ ಕೂಡಲೆ ಮೊದಲ ಕೈ ಹಾಕಿ ನೋಡ್ರಿ. ಐಸ್ ಕರಗಿ ನೀರು ಬೆಚ್ಚಗಾಗಿತ್ತಂದ್ರ ಸೂಜಿ ಕೆಳಗಿಡ್ರಿ. ಯಾರು ಹೇಳಿದ್ರೂ ಹಾಕಬ್ಯಾಡ್ರಿ. ನಾ ಹೇಳಿದ್ರೂ ಹಾಕಬ್ಯಾಡ್ರಿ!" ಐವರಿಂದಲೂ ಇದನ್ನು ಸಾಲೆಯ ಮಕ್ಕಳಂತೆ ಹೇಳಿಸಿದ್ದೆ. ಮಾಳವ್ವ ಕೊನೆಯ ಮಾತು ಬಂದಾಗ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಪರೀಕ್ಷೆಯ ದಿನ ಸಂಸ್ಥೆಯ ದೊಡ್ಡ ಸಾಹೇಬರು ಬರುವವರಿದ್ದರು. ನಾನು ಬೆಳಿಗ್ಗೆ ಬಾದಾಮಿಯಿಂದ ಬೈಕಿನ ಹಿಂದೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಹೊರಟೆ. ಸಮಾರಂಭದ ಬ್ಯಾನರನ್ನು ಕುಳಗೇರಿ ಕ್ರಾಸಿನ ಅಂಗಡಿಯಲ್ಲಿ ಮಾಡಲು ಹಾಕಿದ್ದೆ, ದಾರಿಯಲ್ಲಿ ತೆಗೆದುಕೊಳ್ಳಬೇಕಿತ್ತು. ಬಿಚ್ಚಿ ನೋಡಿದರೆ ಅದರಲ್ಲಿ ಸಾಹೇಬರ ಹೆಸರಿದೆ, ಊರಿನ ಹಿರಿಯರ ಹೆಸರಿದೆ, ನನ್ನ ಹೆಸರೇ ಇಲ್ಲ.

ಇಲ್ಲಿಯೇ — ಇಲ್ಲಿಯೇ ನಾನು ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಎರಡು ತಿಂಗಳು ಧೂಳು ತಿಂದವನು ನಾನು, ನನ್ನ ಹೆಸರೇ ಇಲ್ಲವೆಂದರೆ ಹೇಗೆ? ಅಂಗಡಿಯವನ ಮೇಲೆ ಕೂಗಾಡಿದೆ. "ಇನ್ನೊಂದು ತಗದ ಕೊಡ್ತೇನ್ರಿ, ಚಹಾ ಕುಡೀರಿ" ಎಂದ. ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ನಾನು ಎರಡು ಸಲ ಚಹಾ ಕುಡಿದೆ. ಬೈಕು ನೆರಳಿಲ್ಲದ ಕಡೆ ನಿಂತಿತ್ತು. ಡಬ್ಬಿಯ ಕೊಂಡಿ ಮುರಿದು ಬಹಳ ದಿನವಾಗಿತ್ತು. ಮುಚ್ಚಳಕ್ಕೆ ಹಗ್ಗ ಸುತ್ತಿದ್ದೆ. ಒಂದು ತಾಸಲ್ಲ, ಎರಡು ತಾಸೇ ಆಗಿರಬೇಕು. ಹೊರಡುವಾಗ ಹಗ್ಗ ಬಿಗಿ ಮಾಡಲು ಡಬ್ಬಿ ಅಲುಗಾಡಿಸಿದೆ. ಐಸಿನ ತುಂಡುಗಳು ಬಡಿದುಕೊಳ್ಳುವ ಸಪ್ಪಳವಿಲ್ಲ. ನೀರು ತುಳುಕಿತು. ಮುಚ್ಚಳ ತೆಗೆದು ನೋಡಲಿಲ್ಲ. ನೋಡಿದರೆ ವಾಪಸು ಹೋಗಬೇಕಾಗುತ್ತಿತ್ತು, ಕಾರ್ಯಕ್ರಮ ಮುಂದೆ ಹಾಕಬೇಕಾಗುತ್ತಿತ್ತು, ಯಾಕೆಂದು ಹೇಳಬೇಕಾಗುತ್ತಿತ್ತು.

ಊರಿನಲ್ಲಿ ಎಲ್ಲ ತಯಾರಾಗಿತ್ತು. ಬೀರಪ್ಪನ ಗುಡಿಯ ಮುಂದಿನ ಬಯಲಿಗೆ ಕುರಿಗಳನ್ನು ತಂದು ನಿಲ್ಲಿಸಿದ್ದರು. ಸಾಹೇಬರು ಕುರ್ಚಿಯಲ್ಲಿ ಕುಳಿತಿದ್ದರು. ಬ್ಯಾನರು ಕಟ್ಟಿದ್ದಾಯಿತು, ನನ್ನ ಹೆಸರೂ ಗಾಳಿಗೆ ಪಟಪಟ ಎಂದಿತು. ಐವರಲ್ಲಿ ಚುರುಕಾದವಳನ್ನು ಮೊದಲು ತೋರಿಸೋಣ ಎಂದು ನಾನೇ ಮಾಳವ್ವನನ್ನು ಕರೆದೆ.

ಅವಳು ಡಬ್ಬಿಯ ಹಗ್ಗ ಬಿಚ್ಚಿದಳು. ಕಲಿಸಿದ ಹಾಗೆ ಮೊದಲು ಕೈ ಹಾಕಿ ನೋಡಿದಳು. ಕೈ ಅಲ್ಲಿಯೇ ನಿಂತಿತು.

"ಸರ, ಐಸ್ ಇಲ್ರಿ. ನೀರಾಗೇತಿ. ನೀರೂ ಬೆಚ್ಚಗೈತ್ರಿ."

"ಇರ್ಲಿ, ಹಾಕವಾ. ಸಾಹೇಬ್ರು ನೋಡಾಕತ್ತಾರ" ಎಂದೆ, ದನಿ ತಗ್ಗಿಸಿ.

"ನಾ ಸೂಜಿ ಹಾಕಂಗಿಲ್ರಿ. ಇದು ಹತ್ತಂಗಿಲ್ಲ. ನೀವ ಹೇಳಿದ್ರೆಲ್ರಿ — ನಾ ಹೇಳಿದ್ರೂ ಹಾಕಬ್ಯಾಡ್ರಿ ಅಂತ."

ಅವಳು ಎದುರಾಡುತ್ತಿರಲಿಲ್ಲ. ನನಗೇನೋ ಮರೆತುಹೋಗಿದೆ, ನೆನಪಿಸಿದರೆ ಸಾಕು ಎನ್ನುವ ಹಾಗೆ ಹೇಳಿದಳು. ಗುರುವೊಬ್ಬ ಬದುಕಿನಲ್ಲಿ ಒಮ್ಮೆ ಕೇಳಬೇಕಾದ ಮಾತು ಅದು — ನಾನು ಅಲ್ಲಿಯೇ ಅವಳ ಬೆನ್ನು ತಟ್ಟಿ ಪರೀಕ್ಷೆ ಮುಗಿಸಬೇಕಿತ್ತು. ಸಾಹೇಬರು "ಏನು ತೊಂದರೆ?" ಎಂದು ಕೇಳಿದರು. "ಏನಿಲ್ಲ ಸರ್, ಜನರನ್ನು ಕಂಡು ಸ್ವಲ್ಪ ಹೆದರಿಕೊಂಡಿದ್ದಾಳೆ" ಎಂದೆ. ಲಸಿಕೆಯ ಪುಡಿಯನ್ನು ನಾನೇ ದ್ರಾವಣದಲ್ಲಿ ಕಲಸಿ, ಸಿರಿಂಜು ತುಂಬಿ ಉಳಿದ ನಾಲ್ವರ ಕೈಗೆ ಕೊಟ್ಟೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಹಾಕಿದರು. ಮಾಳವ್ವ ಸಾಲಿನಲ್ಲಿದ್ದ ತನ್ನ ಕುರಿಗಳನ್ನು ಬೇರೆ ಮಾಡಿ, ಹೊಡೆದುಕೊಂಡು ಮನೆಗೆ ಹೋದಳು.

ಮೌಲ್ಯಮಾಪನದ ಹಾಳೆಯಲ್ಲಿ ಖಾನೆಗಳಿದ್ದವು: ಕುರಿ ಹಿಡಿಯುವ ರೀತಿ, ಸೂಜಿಯ ಕೋನ, ದಾಖಲೆ ಬರೆಯುವುದು, ಸೂಚನೆ ಪಾಲನೆ. ಹಾಕಬಾರದ್ದನ್ನು ಹಾಕದೆ ಇರುವುದಕ್ಕೆ ಒಂದು ಖಾನೆ ಇರಲಿಲ್ಲ. ಈ ಏಳು ವರ್ಷ ನಾನು ಆ ಹಾಳೆಯನ್ನೇ ಬೈದುಕೊಂಡು ಬಂದೆ. ಅದನ್ನು ಮಾಡಿದವರನ್ನು ಬೈದೆ. ಸುಳ್ಳು. ಕೆಳಗೆ ಷರಾ ಬರೆಯಲು ಮೂರು ಸಾಲು ಖಾಲಿ ಜಾಗವಿತ್ತು. ಅಲ್ಲಿ ಏನನ್ನು ಬೇಕಾದರೂ ಬರೆಯಬಹುದಿತ್ತು. ನಾನು ಬರೆದದ್ದು ಇದು: ‘ಆತ್ಮವಿಶ್ವಾಸದ ಕೊರತೆ ಇದೆ. ಕ್ಷೇತ್ರದ ಕೆಲಸಕ್ಕೆ ಇನ್ನೂ ಸಿದ್ಧರಿಲ್ಲ.’ ಅಕ್ಷರಗಳು ದುಂಡಗೆ, ಅಂದವಾಗಿ ಬಂದಿದ್ದವು. ಕೆಳಗೆ ಸಹಿ ಹಾಕಿದೆ.

ಅವಳು ಸುಮ್ಮನೆ ಕೂರಲಿಲ್ಲ ಎಂದು ಆಮೇಲೆ ತಿಳಿಯಿತು. ಮರುವಾರ ತನ್ನ ಕುರಿಗಳನ್ನು ನಡೆಸಿಕೊಂಡು ದೂರದ ದವಾಖಾನೆಗೆ ಹೋಗಿ ತಣ್ಣನೆಯ ಲಸಿಕೆ ಹಾಕಿಸಿಕೊಂಡು ಬಂದಳು. ಊರಿನವರಿಗೂ ಹೇಳಿದಳು, ಇನ್ನೊಮ್ಮೆ ಹಾಕಿಸ್ರಿ ಎಂದು. ಯಾರು ಕೇಳುತ್ತಾರೆ? ಪಾಸಾದ ನಾಲ್ವರು ಚೀಲ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು. ಫೇಲಾದವಳ ಮಾತು ಹೊಟ್ಟೆಕಿಚ್ಚಿನ ಮಾತಾಯಿತು. ಅದಕ್ಕೆ ನನ್ನ ಷರಾವೇ ಸಾಕ್ಷಿ.

ಎರಡು ತಿಂಗಳಾಗಿತ್ತು, ಹಿರೇಬೇನೆ ಬಂತು. ಮೂಗು, ಕಣ್ಣು ಸೋರಿ, ಬಾಯಿ ಹುಣ್ಣಾಗಿ, ಭೇದಿಯಾಗಿ ಮೊದಲು ಮರಿಗಳು ಸತ್ತವು, ಆಮೇಲೆ ತಾಯಿಕುರಿಗಳು. ಮಾಳವ್ವನ ಹಟ್ಟಿಯಲ್ಲಿ ಒಂದೂ ಸಾಯಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಲಸಿಕೆ ಹಾಕಿದ ದಿನ ‘ಇದು ಹತ್ತಂಗಿಲ್ಲ’ ಎಂದವಳು ಅವಳು, ಹತ್ತಲಿಲ್ಲ. ಊರಿನವರ ಕುರಿ ಸತ್ತವು, ಅವಳವು ಉಳಿದವು. ಅವಳ ನಾಲಿಗೆಯೇ ತಟ್ಟಿತು ಎನ್ನಲು ಊರಿಗೆ ಇನ್ನೇನು ಬೇಕು?

ನನ್ನನ್ನು ಕರೆಸಿದರು. ಅದೇ ಗುಡಿಯ ಕಟ್ಟೆ. ಊರಿನ ಹಿರಿಯರೊಬ್ಬರು ನೇರವಾಗಿ ಕೇಳಿದರು: "ಸರ, ನೀವು ಕಲತವ್ರು, ಖರೆ ಹೇಳ್ರಿ. ಔಷಧದಾಗ ಏನರ ದೋಷ ಇತ್ತೇನ್ರಿ? ಇಲ್ಲಾಂದ್ರ ಅಕಿ ಬಾಯಿ ಛಲೋ ಅಲ್ಲ ಅಂತಾರ ಮಂದಿ."

ಮಾಳವ್ವ ಹೆಂಗಸರ ಹಿಂದೆ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಔಷಧ ಸರಿ ಇತ್ರಿ" ಎಂದೆ.

ಮೂರೇ ಪದ. ಅವಳು ತಿರುಗಿ ಹೋದಳು. ಅಂದಿನಿಂದ ಯಾರೂ ಅವಳನ್ನು ಹಟ್ಟಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಮರಿ ಅಡ್ಡ ಸಿಕ್ಕಿಕೊಂಡು ಕುರಿ ಒದರುತ್ತಿದ್ದರೂ ಪಕ್ಕದ ಮನೆಯಲ್ಲೇ ಇದ್ದ ಅವಳನ್ನು ಕೂಗಲಿಲ್ಲ. ಲಸಿಕೆ ಸರಿಯಿದ್ದರೂ ಕೆಲವು ಕುರಿ ಸಾಯುತ್ತಿದ್ದವೇನೋ — ಈ ಮಾತನ್ನು ನಾನು ನನಗೆ ಎಷ್ಟು ಸಲ ಹೇಳಿಕೊಂಡಿದ್ದೇನೆ! ಇಲ್ಲಿ ಬರೆದದ್ದು ನೆಪಕ್ಕಲ್ಲ. ಇಂಥ ಮಾತಿನ ಮೇಲೆ ಏಳು ವರ್ಷ ಮಲಗಿ ನಿದ್ದೆ ಮಾಡಿದೆ ಎಂದು ನಿಮಗೆ ಗೊತ್ತಾಗಲಿ.

ಬಾಗಲಕೋಟೆಯ ಆ ಭಾಷಣದ ಮರುದಿನ ಸಂಸ್ಥೆಗೆ ಫೋನು ಮಾಡಿದೆ. ಹಳೆಯ ಒಂದು ಫಲಿತಾಂಶ ತಪ್ಪಾಗಿದೆ, ತಿದ್ದಬೇಕು ಎಂದೆ. "ಆ ಬ್ಯಾಚು ಯಾವತ್ತೋ ಕ್ಲೋಸ್ ಆಗೈತ್ರಿ ಸರ. ಈಗ ಕಂಪ್ಯೂಟರ್ ತಗೊಳ್ಳಂಗಿಲ್ಲ" ಎಂದ ಅಲ್ಲಿಯವನು. ತಪ್ಪು ಮಾಡಿದವನು ನಾನು ಎಂದೆ. ಅದಕ್ಕೆ ಯಾವ ಫಾರ್ಮು ಎಂದು ಅವನಿಗೂ ಗೊತ್ತಿರಲಿಲ್ಲ. ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆದು ಏನು ಮಾಡುವುದು?

ಕಡೆಗೆ ಅವಳನ್ನು ಹುಡುಕಿಕೊಂಡು ಹೋದೆ. ಊರಿನಲ್ಲಿ ಕರೆಯುವವರಿಲ್ಲವೆಂದು ಗಂಡನ ಜೊತೆ ಕುರಿ ಹೊಡೆದುಕೊಂಡು ವರ್ಷದ ಬಹುಪಾಲು ಹೊರಗೇ ಇರುತ್ತಾಳೆ. ಕಲಾದಗಿಯ ಹತ್ತಿರ ಯಾರದೋ ಹೊಲದಲ್ಲಿ ಸಿಕ್ಕಳು. ಕುರಿಯೊಂದನ್ನು ಮಂಡಿಯ ನಡುವೆ ಹಿಡಿದು ಗೊರಸು ಹೆರೆಯುತ್ತಿದ್ದಳು. ತಲೆಗೂದಲು ನರೆತಿತ್ತು. ನನ್ನನ್ನು ಕಂಡು, "ಬರ್ರಿ ಸರ" ಎಂದಳು, ನಿನ್ನೆಯಷ್ಟೇ ನೋಡಿದವಳಂತೆ.

"ಅವತ್ತ ನೀ ಹೇಳಿದ್ದು ಖರೆ ಇತ್ತು, ಮಾಳವ್ವಾ. ನನಗ ಗೊತ್ತಿತ್ತು" ಎಂದೆ. ದಾರಿಯುದ್ದಕ್ಕೂ ಇನ್ನೂ ಏನೇನೋ ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಅಷ್ಟೇ ಬಂತು.

ಅವಳು ಕೈ ನಿಲ್ಲಿಸಲಿಲ್ಲ. "ನಿಮಗ ಗೊತ್ತಿತ್ತು ಅನ್ನೂದು ನನಗೂ ಗೊತ್ತಿತ್ರಿ. ಐಸ್ ಇಲ್ಲ ಅಂದಾಗ ನೀವು ಡಬ್ಬಿ ನೋಡ್ಲಿಲ್ಲ, ನನ್ನ ಮಾರಿ ನೋಡಿದ್ರಿ." ಕುರಿಯನ್ನು ಬಿಟ್ಟು ಇನ್ನೊಂದನ್ನು ಎಳೆದುಕೊಂಡಳು. "ನನಗ ಯಾಕ ಹೇಳ್ತೀರಿ ಸರ? ಗೊತ್ತಿಲ್ಲದವ್ರಿಗೆ ಹೇಳ್ರಿ. ಸೋಮವಾರ ಮಂದಿ ಎಲ್ಲಾ ಗುಡಿ ಮುಂದ ಕುಂತಿರ್ತಾರ."

"ನೀನೂ ಬರ್ತೀಯೇನು?"

"ನಾ ಯಾಕ ಬರ್ಲಿ? ನನ್ನ ಪರೀಕ್ಷಾ ಅವತ್ತ ಮುಗೀತ್ರಿ."

ಇದಾಗಿ ಮೂರು ಸೋಮವಾರ ಕಳೆದಿವೆ. ಮೊದಲನೆಯ ಸೋಮವಾರ ಬಸ್ ನಿಲ್ದಾಣದವರೆಗೆ ಹೋಗಿ ಬಂದೆ. ಎರಡನೆಯದಕ್ಕೆ ಮೈ ಬೆಚ್ಚಗಿದೆ ಎಂದುಕೊಂಡೆ. ಮೂರನೆಯದಕ್ಕೆ ಅದೂ ಬೇಕಾಗಲಿಲ್ಲ, ಸುಮ್ಮನೆ ಮನೆಯಲ್ಲಿ ಕುಳಿತೆ. ಆತ್ಮವಿಶ್ವಾಸದ ಕೊರತೆ ಯಾರಿಗಿತ್ತು ಎಂದು ಆ ಷರಾ ಓದಿದವರು ಈಗ ಹೇಳಬಹುದು.

ಅದಕ್ಕೇ ಬರೆದಿಟ್ಟೆ. ಮಾತು ತಪ್ಪಿಸಿಕೊಂಡರೂ ಕಾಗದದಿಂದ ಓದಬಹುದು. ನಾಳೆ ಸೋಮವಾರ. ಇಂದೇ ಹೆಂಡತಿಯ ಮುಂದೆ ಇದನ್ನು ಓದುತ್ತೇನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಆ ಗುಡಿಯ ಕಟ್ಟೆಯ ಮೇಲೆ, ಆ ಹಿರಿಯರು ಇನ್ನೂ ಇದ್ದರೆ ಅವರ ಎದುರಿಗೇ ನಿಂತು, ಔಷಧ ಸರಿ ಇರಲಿಲ್ಲ ಎಂದು ಹೇಳುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ದಾರಿಯಲ್ಲಿ ಕುಳಗೇರಿ ಕ್ರಾಸಿನಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಚಹಾಕ್ಕೂ ನಿಲ್ಲುವುದಿಲ್ಲ.