ಕವಚದ ಕೆಳಗಿನ ಕೌದಿ

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ವಾರವಿಡೀ ಜನರಿಗೆ ನೋವು ಗೊತ್ತಾಗದಂತೆ ನೋಡಿಕೊಳ್ಳುತ್ತಾಳೆ. ಭಾನುವಾರ ಅಕ್ಸ್‌ಬ್ರಿಡ್ಜ್‌ನ ಒಂದು ಹಾಲ್‌ನಲ್ಲಿ ಉಕ್ಕಿನ ಕವಚ ತೊಟ್ಟು, ಮೊಂಡು ಕತ್ತಿಯಿಂದ ಹೊಡೆಸಿಕೊಳ್ಳುತ್ತಾಳೆ. ಮಧ್ಯಯುಗದ ಯೋಧರ ಕಾಳಗವನ್ನು ಹವ್ಯಾಸವಾಗಿ ಆಡುವವರ ಕ್ಲಬ್ ಅದು. ಒಮ್ಮೆ ಅಭ್ಯಾಸ ಮುಗಿಸಿ ಬಂದಾಗ ಅವಳ ಎಡಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೂಳೆ ಮುರಿದಿರಲಿಲ್ಲ. ಮುಂದಿನ ಸಲ ಮುರಿದೀತೆಂಬುದು ನನ್ನ ಭಯ. ಮೊದಲ ಪಂದ್ಯ ಹತ್ತಿರ ಬಂದಿತ್ತು.

ತಪ್ಪು ಕವಚದ್ದಲ್ಲ. ಅದರ ಕೆಳಗೆ ಅವಳು ಟ್ಯೂಬ್ ರೈಲಿನಲ್ಲಿ ಓಡಾಡುವಾಗ ಹಾಕುವ ಚಳಿಗಾಲದ ಜಾಕೆಟ್ ಹಾಕಿದ್ದಳು. ತರಬೇತುದಾರ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಬೆರಳು ನೇರ ಎಲುಬಿಗೇ ತಾಗಿತಂತೆ. ಉಕ್ಕು ಅಲಗನ್ನು ತಡೆಯುತ್ತದೆ, ಪೆಟ್ಟಿನ ಭಾರವನ್ನಲ್ಲ. ಹಿಂದಿನ ಯೋಧರು ಮೈಮೇಲೆ ನಾರುಬಟ್ಟೆಯ ಅಂಗಿ ತೊಟ್ಟು, ಅದರ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಒತ್ತಾಗಿ ಹೊಲಿದ ದಪ್ಪ ಕೋಟು ಹಾಕುತ್ತಿದ್ದರು. ಕವಚ ಅದರ ಮೇಲೆ. ಅಂಥ ಕೋಟಿಲ್ಲದೆ ಪಂದ್ಯಕ್ಕೆ ಬಿಡುವುದಿಲ್ಲ ಎಂದು ತರಬೇತುದಾರ್ತಿ ಹೇಳಿದಳು. ಆರ್ಡರ್ ಮಾಡಿದರೆ ಸಮಯಕ್ಕೆ ಬರುವಂತಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಧಾರವಾಡದಿಂದ ಅತ್ತೆ ಬಂದಿದ್ದರು. ಮಗಳು ಫೋನಿನಲ್ಲಿ ತೋರಿಸಿದ ಹಳೇ ಕೋಟಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

"ಏ, ಇದು ಕೌದಿನ ಐತಲ್ಲ! ತೋಳು ಹಚ್ಯಾರ, ಅಷ್ಟ."

"ಅವ್ವಾ, ಇದು ಯುದ್ಧಕ್ಕ ಹಾಕ್ಕೊಳ್ಳೋದು."

"ನಿಮ್ಮಪ್ಪನ ಜೋಡಿ ಬಾಳೇ ಮಾಡಾಕ ನನಗೂ ಒಂದು ಬೇಕಾಗಿತ್ತು ನೋಡು."

ಹಳೆಯ ಇಳಕಲ್ ಸೀರೆ, ಧೋತರ ಹಾಸಿ ತಾವೇ ಹೊಲಿದ ಕೌದಿಯೊಂದನ್ನು ಅವರು ಮಗಳಿಗೆಂದು ತಂದಿದ್ದರು. ಅದನ್ನೇ ಹರಡಿ ಕತ್ತರಿ ಹಿಡಿದರು.

"ಅದನ್ನ ಕತ್ತರಸಬ್ಯಾಡವ್ವಾ," ಎಂದಳು ಇವಳು.

"ಹೊತ್ಕೊಂಡು ಮಲ್ಕೊಳ್ಳಾಕ ತಂದಿದ್ದೆ. ನೀ ಎದ್ದು ಬಡಿದಾಡಾಕ ಹೊಂಟಿ. ಮತ್ತೇನ್ ಮಾಡ್ಲಿ?"

ಬಟ್ಟೆಯ ಅಂಚು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಭುಜದ ಮೇಲೆ ಅತ್ತೆ ಇನ್ನೊಂದು ಪದರ ಕೂಡಿಸಿದರು. ಹೆಂಡತಿ ಡ್ಯೂಟಿಗೆ ಹೋದಾಗ ಕೇಳಿದೆ: "ಅತ್ತೆ, ನೀವಾದ್ರೂ ಬೇಡ ಅನ್ಬಹುದಿತ್ತಲ್ಲ?"

"ಅಂದ್ರ ಕೇಳ್ತಾಳೇನ್ರಿ? ಕೇಳೂದಿಲ್ಲ ಅಂದ ಮ್ಯಾಲೆ ದಪ್ಪ ಹೊಲೀಬೇಕು."

ಭಾನುವಾರ ತರಬೇತುದಾರ್ತಿ ಕೋಟಿನ ಭುಜವನ್ನು ಹೆಬ್ಬೆರಳಿನಿಂದ ಒತ್ತಿದಳು, ಇನ್ನೊಮ್ಮೆ ಜೋರಾಗಿ ಒತ್ತಿದಳು, ಆಗಬಹುದೆಂದು ತಲೆಯಾಡಿಸಿದಳು. ಎದುರಾಳಿ ಇವಳಿಗಿಂತ ಗೇಣುದ್ದ ಎತ್ತರದ ಹೆಂಗಸು. ಅವಳ ಕತ್ತಿ ಸರಿಯಾಗಿ ಎಡಭುಜದ ಮೇಲೇ ಬಿತ್ತು. ಉಕ್ಕು ಖಣಿಲ್ ಎಂದಿತು. ಅದರಡಿಯಿಂದ ಹಾಸಿಗೆ ಬಡಿದಂಥ ಮಂದ ಸದ್ದು ಬಂತು. ಹೆಂಡತಿ ಒಂದು ಮೊಣಕಾಲೂರಿದಳು. ನಾನು ಎದ್ದು ನಿಂತೆ. ಅತ್ತೆ ಕುಳಿತೇ ಇದ್ದರು, ಆದರೆ ನನ್ನ ತೋಳನ್ನು ಹಿಡಿದಿದ್ದರು. ಅವಳು ಎದ್ದಳು, ಮತ್ತೆ ಕತ್ತಿ ಬೀಸಿದಳು, ಸೋತಳು.

ಕವಚ ಬಿಚ್ಚಿಸಿಕೊಂಡು ನಗುತ್ತಾ ಬಂದ ಮಗಳಿಗೆ ಅತ್ತೆ ಮೊದಲು ಹೇಳಿದ್ದು, "ಕೈ ಎತ್ತು."

ಎತ್ತಿದಳು. ಪೂರ್ತಿ ಮೇಲಕ್ಕೆ, ಒಂದು ಸುತ್ತು ತಿರುಗಿಸಿಯೂ ತೋರಿಸಿದಳು. ಕೋಟಿನ ಕೊರಳು ಸರಿಸಿ ನಾನು ನೋಡಿದೆ: ಚರ್ಮ ಕೆಂಪಾಗಿತ್ತು, ಊತವಿರಲಿಲ್ಲ. ಅತ್ತೆ ಕೋಟನ್ನು ನೋಡುತ್ತಿದ್ದರು. "ಹೊಲಿಗಿ ಬಿಟ್ಟಿಲ್ಲ," ಎಂದರು.

ಸ್ಟ್ಯಾನ್ಮೋರ್‌ನ ನಮ್ಮ ಮನೆಗೆ ಮರಳುವಾಗ ಹೆಂಡತಿ ಹಿಂದಿನ ಸೀಟಿನಲ್ಲಿ ಆ ಕೋಟನ್ನೇ ಹೊದ್ದು ನಿದ್ದೆಹೋದಳು. ಸಿಗ್ನಲ್‌ನಲ್ಲಿ ಕಾರು ನಿಂತಾಗ, ಬೆಳಗಿನಿಂದ ನಾನು ಏನೂ ತಿಂದಿಲ್ಲವೆಂಬುದು ನೆನಪಾಯಿತು. ಹಾಗೆಂದು ಹೇಳಿದೆ.

ಅತ್ತೆ ಬುತ್ತಿ ಚೀಲದ ಬಾಯಿ ಬಿಚ್ಚಿದರು. "ನಾನೂ ತಿಂದಿಲ್ರಿ," ಎಂದರು.